ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಲಿಸೋದು ಹೇಗೆ? (ದೀಪ ಬೆಳಗೋ ಕಾರ್ಯಕ್ರಮ ಬಿಟ್ಟು)

ನರ್ಸಿಂಗ್_ಟ್ಯೂಟರ್:

ನಮಸ್ಕಾರ ಎಲ್ರಿಗೂ. ನಾನೊಂದು ನರ್ಸಿಂಗ್ ಕಾಲೇಜಲ್ಲಿ ಟ್ಯೂಟರ್, ಅದಕ್ಕೆ ಮುಂಚೆ ಆರು ವರ್ಷ ಮೆಡಿಸಿನ್ ವಾರ್ಡಲ್ಲಿ ಕೆಲಸ ಮಾಡಿದೀನಿ. ನಮ್ಮ ಕ್ಯಾಂಪಸ್ಸಲ್ಲಿ ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ನಾಲ್ಕೂ ಇದೆ. ನಾಲ್ಕಕ್ಕೂ ರಾಜೀವ್ ಗಾಂಧಿ ಯೂನಿವರ್ಸಿಟಿದೇ ಪರೀಕ್ಷೆ, ಒಂದೇ ಗೇಟು, ಒಂದೇ ಆಸ್ಪತ್ರೆ, ಆದ್ರೆ ಓದು ಮುಗಿಸಿ ಹೋಗೋವರೆಗೂ ಈ ಮಕ್ಕಳು ಒಬ್ರನ್ನೊಬ್ರು ಮಾತಾಡ್ಸಿರಲ್ಲ, ಮೆಸ್ಸೂ ಬೇರೆ, ಬಸ್ಸೂ ಬೇರೆ. ಆಮೇಲೆ ಕೆಲಸಕ್ಕೆ ಸೇರಿ ಒಂದಿನ ರಾತ್ರಿ ಎರಡು ಗಂಟೆಗೆ ಪೇಷಂಟ್ ಬಿಪಿ ಬಿದ್ದಾಗ ಏಕ್‌ದಂ ಟೀಂ ಆಗಿ ಅಂದ್ರೆ ಎಲ್ಲಿಂದ ಆಗ್ತಾರೆ?

ಹೋದ ವರ್ಷ ಇಂಟರ್‌ಪ್ರೊಫೆಷನಲ್ ಎಜುಕೇಷನ್ ಅಂತ ಒಂದು ದಿನದ ವರ್ಕ್‌ಶಾಪ್ ಆಯ್ತು. ಹೇಗಾಯ್ತು ಕೇಳಿ. ನಮ್ಮ ಹುಡುಗಿಯರು ಪ್ರಾರ್ಥನೆ ಹಾಡಿದ್ರು, ದೀಪಕ್ಕೆ ಎಣ್ಣೆ ಬತ್ತಿ ಹಾಕಿದ್ರು, ಸ್ಟೇಜ್ ಮೇಲಿದ್ದೋರಿಗೆಲ್ಲ ಬೊಕೆ ಕೊಟ್ರು, ಕೊಟ್ಟು ಹೋಗಿ ಹಿಂದಿನ ಸಾಲಲ್ಲಿ ಕೂತ್ರು. ಮುಂದಿನ ನಾಲ್ಕು ಸಾಲು ಎಂಬಿಬಿಎಸ್. ಫಿಸಿಯೋ ಹುಡುಗ್ರು ಬಾಗಿಲ ಹತ್ರ. ಮೂರು ಗಂಟೆ ಸ್ಲೈಡು, ಅದರಲ್ಲಿ ಟೀಂವರ್ಕ್ ಅಂದ್ರೆ ಇರುವೆಗಳ ಫೋಟೋ. ಟೀ ಬಂದ ತಕ್ಷಣ ಬಡಿಸೋಕೆ ಮತ್ತೆ ನಮ್ಮ ಹುಡುಗಿಯರನ್ನೇ ಕರೆದ್ರು! ಅದನ್ನ ನೋಡಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಈ ವರ್ಷ ಜವಾಬ್ದಾರಿ ನನ್ನ ತಲೆ ಮೇಲೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದರ ಬಗ್ಗೆ ಹೇಳಿದ್ದೇನಂದ್ರೆ, ಎರಡು ಅಥವಾ ಜಾಸ್ತಿ ಕಸುಬಿನ ಮಕ್ಕಳು ಒಬ್ರ ಬಗ್ಗೆ ಒಬ್ರು, ಒಬ್ರಿಂದ ಒಬ್ರು, ಒಬ್ರ ಜೊತೆ ಒಬ್ರು ಕಲಿಬೇಕು ಅಂತ. ನಮ್ದು ಒಬ್ರ ಪಕ್ಕ ಒಬ್ರು ನಿದ್ದೆ ಹೊಡೆಯೋದು ಆಗಿತ್ತು. ಕೈಯಲ್ಲಿ ಇರೋದು ಎರಡು ಗಂಟೆ, ದುಡ್ಡು ಇಲ್ಲ, ಮಾತಾಡೋ ಗೊಂಬೆ ಇರೋ ಸಿಮ್ಯುಲೇಷನ್ ಲ್ಯಾಬೂ ಇಲ್ಲ. ಏನು ಮಾಡಿದ್ರೆ ಪ್ರಯೋಜನ ಆಗುತ್ತೆ? ಮಾಡಿ ಗೊತ್ತಿರೋರು ಹೇಳಿ ಪ್ಲೀಸ್.

ಲಾಸ್ಟ್_ಬೆಂಚ್:

ಮೇಡಂ ಮೊದಲು ಟೀ ಬಡಿಸೋ ಡ್ಯೂಟಿ ಪಿಜಿಗಳಿಗೆ (ಎಂಬಿಬಿಎಸ್ ಮುಗಿಸಿ ಮುಂದೆ ಓದ್ತಿರೋ ಡಾಕ್ಟರ್‌ಗಳಿಗೆ) ಹಾಕಿ, ಅರ್ಧ ಸಿಲಬಸ್ ಅಲ್ಲೇ ಮುಗಿಯುತ್ತೆ 😄

ಕುಡ್ಲದ_ಸಿಸ್ಟರ್:

ನಾನು ಐಸಿಯುವಿನಲ್ಲಿ ಹದಿನಾಲ್ಕು ವರ್ಷ. ಸ್ಲೈಡ್ ಎಲ್ಲ ಬಿಡಿ ಮಾರಾಯ್ರೆ, ಒಂದು ಫೋನ್ ಕಾಲ್ ಮಾಡ್ಲಿಕ್ಕೆ ಕಲಿಸಿ ಸಾಕು. ಹೊಸ ಹುಡುಗಿಯರು ರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವುದು ಹೇಗೆ ಗೊತ್ತುಂಟಾ? "ಸರ್, ಒಂಬತ್ತನೇ ಬೆಡ್ಡಿನವರಿಗೆ ಒಂಥರಾ ಆಗ್ತಾ ಉಂಟು, ಸ್ವಲ್ಪ ಬರ್ತೀರಾ?" ಆಚೆಯಿಂದ ನಿದ್ದೆಗಣ್ಣಲ್ಲಿ "ಒಂಥರಾ ಅಂದ್ರೆ ಎಂತದು, ಬಿಪಿ ಎಷ್ಟು?" ಇವಳು ಫೋನ್ ಇಟ್ಟು ಬಿಪಿ ನೋಡ್ಲಿಕ್ಕೆ ಓಡ್ತಾಳೆ, ವಾಪಸ್ ಬಂದು ಮಾಡುವಾಗ ಅವರ ಫೋನ್ ಎಂಗೇಜ್. ಹತ್ತು ನಿಮಿಷ ಹೋಯ್ತು.

ಅದನ್ನೇ ಹೀಗೆ ಹೇಳ್ಬೇಕು. "ಸರ್, ಐಸಿಯುವಿಂದ ಸ್ಟಾಫ್ ನರ್ಸ್ ಇಂಥವಳು ಮಾತಾಡುವುದು. ಒಂಬತ್ತನೇ ಬೆಡ್ಡು, ಅರ್ಧ ಗಂಟೆಯಿಂದ ಬಿಪಿ 84/50, ಪಲ್ಸ್ 128. ನಿನ್ನೆ ಕರುಳಿನ ಆಪರೇಷನ್ ಆದವರು, ಸಂಜೆವರೆಗೆ ಸರಿ ಇದ್ರು. ಈಗ ಹೊಟ್ಟೆ ಗಟ್ಟಿ ಆಗಿದೆ, ಹೊಟ್ಟೆಗೆ ಇಟ್ಟ ಡ್ರೈನ್ ಪೈಪಿನಲ್ಲಿ ರಕ್ತ ಜಾಸ್ತಿ ಬರ್ತಾ ಉಂಟು, ಒಳಗೆ ಬ್ಲೀಡ್ ಆಗ್ತಾ ಇರ್ಬೇಕು ಅಂತ ನನಗೆ ಅನಿಸ್ತದೆ. ನೀವು ಈಗಲೇ ಬಂದು ನೋಡ್ಬೇಕು. ಬರುವಷ್ಟರಲ್ಲಿ ಡ್ರಿಪ್ ಜೋರು ಮಾಡ್ಲಾ, ಬ್ಲಡ್ ಬ್ಯಾಂಕಿಗೆ ಹೇಳ್ಲಾ?" ಅರ್ಧ ನಿಮಿಷ ಸಾಕು, ಆಚೆಯವರು ಚಪ್ಪಲಿ ಹಾಕಿ ಹೊರಟಾಗ್ತದೆ.

ಇದಕ್ಕೆ ಎಸ್‌ಬಾರ್ ಅಂತ ಹೆಸರು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನು ಅನಿಸ್ತದೆ, ನಿಮ್ಮಿಂದ ಏನು ಬೇಕು, ಅಷ್ಟೇ. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನಿನಲ್ಲಿ ಬಳಸ್ತಿದ್ದ ಕ್ರಮ, ಅಲ್ಲಿಂದ ಕೊಲೊರಾಡೋದ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆಯವರು ಆಸ್ಪತ್ರೆಗೆ ತಂದದ್ದು. ನಮ್ಮ ಮಕ್ಕಳಿಗೆ ಕಷ್ಟ ಆಗುವುದು ಮೂರನೆಯದ್ದು. "ನನಗೆ ಏನು ಅನಿಸ್ತದೆ" ಅಂತ ಹೇಳ್ಲಿಕ್ಕೆ ಬಾಯೇ ಬರುವುದಿಲ್ಲ. ನಾಲ್ಕು ವರ್ಷ "ನೀನು ಡಯಾಗ್ನೋಸಿಸ್ ಮಾಡ್ಬೇಡ, ಹೇಳಿದ್ದು ಮಾಡು" ಅಂತ ಕೇಳಿ ಕೇಳಿ ಬೆಳೆದವರಲ್ವಾ. ಹಾಗಾಗಿ ನಿಮ್ಮ ಎರಡು ಗಂಟೆಯಲ್ಲಿ ಒಂದು ಕಡೆ ನರ್ಸಿಂಗ್ ಹುಡುಗಿ, ಇನ್ನೊಂದು ಕಡೆ ಇಂಟರ್ನ್, ಮಧ್ಯ ಒಂದು ಪರದೆ ಕಟ್ಟಿ ನಿಜವಾಗಿ ಫೋನಿನಲ್ಲಿ ಮಾತಾಡಿಸಿ. ಇಂಟರ್ನಿಗೂ ಕಲಿಸ್ಲಿಕ್ಕೆ ಉಂಟು: ಆರ್ಡರ್ ಕೊಟ್ಟ ಮೇಲೆ ನರ್ಸ್ ಅದನ್ನ ವಾಪಸ್ ಓದಿ ಹೇಳುವವರೆಗೆ ಫೋನ್ ಇಡಬಾರದು. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಹಾಗೆ ಕೇಳ್ತದೆ, ಅದಕ್ಕೆ "ಒನ್ ಫೈವ್" ಅಂತ ಬಿಡಿಸಿ ಹೇಳ್ಬೇಕು. ಇದೊಂದು ಅಭ್ಯಾಸ ಎಷ್ಟು ಇನ್ಸುಲಿನ್ ತಪ್ಪು ಉಳಿಸಿದೆ ಅಂತ ನನಗೆ ಮಾತ್ರ ಗೊತ್ತು.

ಅರಿವಳಿಕೆ_ಡಾಕ್ಟ್ರು:

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಸೇರಿಸ್ತೀನಿ, ನಾನು ಅನಸ್ತೇಷಿಯಾ. ನಮ್ಮ ಕಡೆ ಎಲ್ರೂ ಓದಲೇಬೇಕಾದ ಒಂದು ಕೇಸ್ ಇದೆ, 2005ರಲ್ಲಿ ಇಂಗ್ಲೆಂಡಲ್ಲಿ ಆಗಿದ್ದು. ಎಲೇನ್ ಬ್ರಾಮಿಲಿ ಅಂತ, 37 ವರ್ಷ, ಎರಡು ಚಿಕ್ಕ ಮಕ್ಕಳು, ಸೈನಸ್ಸಿನ ಸಾಮಾನ್ಯ ಆಪರೇಷನ್ನು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ರೂಮಲ್ಲಿ ಮೂರು ಜನ ಅನುಭವಿ ಕನ್ಸಲ್ಟೆಂಟ್‌ಗಳು, ಮೂರೂ ಜನ ಟ್ಯೂಬ್ ಹಾಕೋದ್ರಲ್ಲೇ ಮುಳುಗಿಬಿಟ್ರು, ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ. ಒಬ್ಬ ನರ್ಸ್ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಇಡೋ ಸೆಟ್ ತಂದು "ರೆಡಿ ಇದೆ" ಅಂದ್ರು, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಇನ್ನೊಬ್ರು ಐಸಿಯುಗೆ ಫೋನ್ ಮಾಡಿ ಬೆಡ್ ಹೇಳಿದ್ರು, ಡಾಕ್ಟರ್‌ಗಳು "ಯಾಕಿಷ್ಟು ಗಾಬರಿ" ಅನ್ನೋ ಥರ ನೋಡಿದ್ದಕ್ಕೆ ಬೆಡ್ ಕ್ಯಾನ್ಸಲ್ ಮಾಡಿದ್ರು. 13 ದಿನಕ್ಕೆ ಆಕೆ ಹೋಗಿಬಿಟ್ರು. ಗಂಡ ಮಾರ್ಟಿನ್ ಪೈಲಟ್. ವಿಮಾನದಲ್ಲಿ ಕೋ-ಪೈಲಟ್ ಬಾಯಿ ಬಿಡದೇ ಇರೋದು ಎಷ್ಟು ಅಪಾಯ ಅಂತ ಟ್ರೈನಿಂಗಲ್ಲೇ ಕಲಿತವರು, ಆಪರೇಷನ್ ಥಿಯೇಟರಲ್ಲಿ ಅದನ್ನ ಯಾರಿಗೂ ಕಲಿಸಲ್ಲ ಅಂತ ಗೊತ್ತಾಗಿ ದಂಗಾದ್ರು, ಆಮೇಲೆ 2007ರಲ್ಲಿ ಇದಕ್ಕಾಗೇ ಒಂದು ಗುಂಪು ಕಟ್ಟಿದ್ರು.

ಗಮನಿಸಿ, ಆ ರೂಮಲ್ಲಿ ಗೊತ್ತಿಲ್ದೇ ಆಗಿದ್ದಲ್ಲ. ಗೊತ್ತಿತ್ತು, ಗೊತ್ತಿದ್ದೋರ ಮಾತು ನಡೀಲಿಲ್ಲ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್‌ಗೆ ಒಂದು ಚೆಕ್‌ಲಿಸ್ಟ್ ತಂತು, 19 ಅಂಶ. ಎಂಟು ಊರಿನ ಎಂಟು ಆಸ್ಪತ್ರೆಯಲ್ಲಿ ನೋಡಿದ್ರು, ಅದರಲ್ಲಿ ದೆಹಲಿಯೂ ಒಂದು. ಸಾವು 1.5%ನಿಂದ 0.8%ಗೆ ಇಳೀತು, ತೊಂದರೆಗಳು 11%ನಿಂದ 7%ಗೆ. ಆ ಲಿಸ್ಟಲ್ಲಿ ಎಲ್ರೂ ನಗೋ ಒಂದು ಅಂಶ ಇದೆ: ಚಾಕು ಇಡೋ ಮುಂಚೆ ರೂಮಲ್ಲಿ ಇರೋರೆಲ್ಲ ತಮ್ಮ ಹೆಸರು, ಕೆಲಸ ಹೇಳ್ಕೋಬೇಕು. "ನಮಗೆಲ್ಲ ಗೊತ್ತಿದ್ದದ್ದೇ" ಅಂತಾರೆ. ನಿಜವಾಗ್ಲೂ ಗೊತ್ತಾ? ನಾನೇ ಎಂಟು ತಿಂಗಳು ಒಬ್ಬ ಸ್ಕ್ರಬ್ ನರ್ಸ್ (ಆಪರೇಷನ್ನಲ್ಲಿ ಸಾಮಾನು ಕೈಗೆ ಕೊಡೋರು) ಜೊತೆ ವಾರಕ್ಕೆ ನಾಲ್ಕು ದಿನ ಕೆಲಸ ಮಾಡಿ ಹೆಸರು ಗೊತ್ತಿಲ್ದೇ "ಸಿಸ್ಟರ್, ಸಿಸ್ಟರ್" ಅಂತಿದ್ದೆ. ಟೆಕ್ನಿಷಿಯನ್ ಹುಡುಗನಿಗೆ "ಏಯ್ ಬಾರೋ ಇಲ್ಲಿ". ಕನ್ನಡದಲ್ಲಿ ನೀನು-ನೀವು ಅನ್ನೋದು ಒಂದೇ ಮಾತಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳಿಬಿಡುತ್ತೆ. ಏಯ್ ಅನ್ನಿಸಿಕೊಂಡೋನು ನಾಳೆ "ಸರ್, ಎಡ ಕಾಲಲ್ಲ, ಬಲ ಕಾಲು" ಅಂತ ಹೇಳ್ತಾನಾ? ಬೆಳಿಗ್ಗೆ ಹೆಸರು ಹೇಳೋಕೆ ಬಾಯಿ ತೆಗೆದೋರು ಮಧ್ಯದಲ್ಲಿ ಇನ್ನೊಂದು ಸಲ ಬಾಯಿ ತೆಗೆಯೋದು ಸ್ವಲ್ಪ ಸುಲಭ, ಅದಕ್ಕೇ ಆ ಅಂಶ ಇರೋದು.

ಸೆಕೆಂಡ್_ಇಯರ್_ಪಿಜಿ:

ಎಲ್ಲಾ ಸರಿ ಸರ್, ಆದ್ರೆ ಸ್ವಲ್ಪ ಆಚೆ ಕಡೆಯಿಂದಲೂ ನೋಡಿ. ನಾನು ನಿನ್ನೆ ಬೆಳಿಗ್ಗೆ ಎಂಟಕ್ಕೆ ಬಂದೋನು ಇವತ್ತು ಸಂಜೆ ಮನೆಗೆ ಹೋಗ್ತಿರೋದು. ರೌಂಡ್ಸಲ್ಲಿ 40 ಪೇಷಂಟ್, ಎಲ್ರ ಅಭಿಪ್ರಾಯ ಕೇಳ್ಕೊಂಡು ಕೂತ್ರೆ ಮಧ್ಯಾಹ್ನ ಆಗುತ್ತೆ. ಕೇಸ್ ಶೀಟಲ್ಲಿ ಸೈನು ನನ್ನದು, ಏನಾದ್ರೂ ಆದ್ರೆ ಪೇಷಂಟ್ ಕಡೆಯವರು ಕಾಲರ್ ಹಿಡಿಯೋದು ನನ್ನದು, ಕೋರ್ಟಿಗೆ ಹೋಗೋದೂ ನಾನು. ಟೀಂ ಅಂತೀರಾ, ಬೈಗುಳ ಯಾಕೆ ಟೀಂಗೆ ಹಂಚಲ್ಲ?

ಇನ್ನು ಚೆಕ್‌ಲಿಸ್ಟ್ ಬಗ್ಗೆ ಒಂದೇ ಕಡೆ ಹೇಳಿದ್ರಿ. ಕೆನಡಾದ ಒಂಟಾರಿಯೋದಲ್ಲಿ 101 ಆಸ್ಪತ್ರೆಗೆ ಕಡ್ಡಾಯ ಮಾಡಿ ನೋಡಿದ್ರಲ್ಲ, 2014ರಲ್ಲಿ ಬಂತು ಅದರ ಫಲಿತಾಂಶ, ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳೋ ಬದಲಾವಣೆ ಏನೂ ಇಲ್ಲ. ಇನ್ನೊಂದು ಫಾರ್ಮ್ ಅಷ್ಟೇ.

ಅರಿವಳಿಕೆ_ಡಾಕ್ಟ್ರು:

ಪಿಜಿ ತಮ್ಮಾ, ಮೊದಲು ಹೋಗಿ ಮಲಕ್ಕೋ. ಒಂಟಾರಿಯೋ ಮಾತು ಪೂರ್ತಿ ಸರಿ, ನಾನೂ ಅದನ್ನೇ ಹೇಳೋದು. ಕಾಗದ ಕಡ್ಡಾಯ ಮಾಡಬಹುದು, ಮಾತು ಕಡ್ಡಾಯ ಮಾಡೋಕಾಗಲ್ಲ. ಪೇಷಂಟ್ ಆಪರೇಷನ್ ಥಿಯೇಟರಿಗೆ ಬರೋ ಮುಂಚೆಯೇ 19ಕ್ಕೂ ಟಿಕ್ ಹಾಕಿ ಇಟ್ಟಿರೋ ಫಾರ್ಮ್ ನಾನು ಕಣ್ಣಾರೆ ನೋಡಿದೀನಿ, ನೀನೂ ನೋಡಿರ್ತೀಯ. ಆಮೇಲೆ ನಿಮ್ಮ 2019ರ ಹೊಸ ಎಂಬಿಬಿಎಸ್ ಸಿಲಬಸ್ಸಲ್ಲಿ ಡಾಕ್ಟರ್‌ಗೆ ಐದು ಪಾತ್ರ ಅಂತ ಇದೆಯಲ್ಲ, ಅದರಲ್ಲಿ ಒಂದು "ಆರೋಗ್ಯ ತಂಡದ ಲೀಡರ್ ಮತ್ತು ಮೆಂಬರ್". ಲೀಡರ್ ತನಕ ಎಲ್ರೂ ಓದ್ತಾರೆ, ಅಲ್ಲಿಗೆ ಬುಕ್ಕು ಮುಚ್ತಾರೆ 🙂 ಬೈಗುಳ ಹಂಚೋ ವಿಷಯ ಮಾತ್ರ ನ್ಯಾಯವಾದ ಪ್ರಶ್ನೆ, ಅದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ.

ಫಾರ್ಮ್‌ಡಿ_ಮೈಸೂರು:

ನರ್ಸಿಂಗ್ ಮೇಡಂ, ದುಡ್ಡಿಲ್ದೇ ಮಾಡೋ ಒಂದು ಆಟ ಹೇಳ್ತೀನಿ, ನಾವು ಮೂರು ಸಲ ಮಾಡಿದೀವಿ. ಬೇಕಾಗಿರೋದು ನಾಲ್ಕು ಹಾಳೆ. (ಫಾರ್ಮ್‌ಡಿ ಅಂದ್ರೆ ಮೆಡಿಕಲ್ ಶಾಪ್ ಕೋರ್ಸಾ ಅಂತ ಕೇಳೋರಿಗೆ: ಆರು ವರ್ಷದ ಕೋರ್ಸು, ದೇಶದಲ್ಲಿ 2008ರಿಂದ ಇದೆ, ವಾರ್ಡಲ್ಲಿ ನಿಂತು ಔಷಧಿ ನೋಡೋ ಕೆಲಸ. ಇನ್ನೂ ಎಷ್ಟೋ ಡಾಕ್ಟರ್‌ಗಳು ನಮ್ಮನ್ನ ಮೆಡಿಕಲ್ ರೆಪ್ ಅಂದ್ಕೊಂಡು "ಸ್ಯಾಂಪಲ್ ಇದ್ಯಾ" ಅಂತಾರೆ.)

ಪೇಷಂಟ್ ಒಬ್ರೇ, 58 ವರ್ಷದ ಅಮ್ಮ, ಕೀಲುವಾತ ಇದೆ. ನಾಲ್ಕು ಮಕ್ಕಳಿಗೆ ನಾಲ್ಕು ಬೇರೆ ಬೇರೆ ಹಾಳೆ. ಮೆಡಿಕಲ್ ಇಂಟರ್ನ್ ಹಾಳೆಯಲ್ಲಿ: ಎರಡು ದಿನದಿಂದ ಜ್ವರ, ಬಿಳಿ ರಕ್ತಕಣ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ. ನರ್ಸಿಂಗ್ ಹಾಳೆಯಲ್ಲಿ: ಬಾಯಿ ತುಂಬ ಹುಣ್ಣು, ಅನ್ನ ನುಂಗೋಕಾಗ್ತಿಲ್ಲ. ಫಾರ್ಮಸಿ ಹಾಳೆಯಲ್ಲಿ: ಕೀಲುವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ 15 ಮಿಲಿಗ್ರಾಂ, ಅಂದ್ರೆ 2.5ರ ಆರು ಮಾತ್ರೆ, ನಾಲ್ಕು ವಾರಕ್ಕೆ 24 ಮಾತ್ರೆ ಕೊಟ್ಟಿದ್ದು, ಕೊಟ್ಟು ಹತ್ತು ದಿನ ಆಗಿಲ್ಲ, ಮಗ ಮತ್ತೆ ಮಾತ್ರೆ ತಗೊಳ್ಳೋಕೆ ಬಂದಿದಾನೆ. ಫಿಸಿಯೋ ಹಾಳೆಯಲ್ಲಿ: ಕೈ ವ್ಯಾಯಾಮ ಮಾಡಿಸ್ತಿರುವಾಗ ಅಮ್ಮ ಹೇಳಿದ್ದು, "ಈ ಸಲ ಆ ಹಳದಿ ಮಾತ್ರೆನ ದಿನಾ ತಗೊಂಡೆ ಕಣಪ್ಪ, ಬೇಗ ವಾಸಿಯಾಗ್ಲಿ ಅಂತ."

ರೂಲ್ ಒಂದೇ, ಹಾಳೆ ತೋರಿಸೋ ಹಾಗಿಲ್ಲ, ಬಾಯಲ್ಲಿ ಕೇಳಬೇಕು, ಬಾಯಲ್ಲಿ ಹೇಳಬೇಕು. 20 ನಿಮಿಷ.

ಏನಾಗುತ್ತೆ ಗೊತ್ತಾ? ಮೂರು ಸಲವೂ ಇಂಟರ್ನ್ ಮೊದಲ ಎರಡು ನಿಮಿಷದಲ್ಲಿ "ಡೆಂಗ್ಯೂ" ಅಂತ ತೀರ್ಮಾನ ಮಾಡಿ ಡ್ರಿಪ್ ಲೆಕ್ಕ ಹಾಕೋಕೆ ಶುರು ಮಾಡಿದ. ನರ್ಸಿಂಗ್ ಹುಡುಗಿ ಹುಣ್ಣಿನ ವಿಷಯ ಹೇಳಿದ್ರೆ "ಹ್ಞಾಂ ಮೌತ್‌ವಾಶ್ ಕೊಡಿ". ಫಾರ್ಮಸಿಯವನಿಗೆ ಮಾತ್ರೆ ಲೆಕ್ಕ ಯಾಕೋ ಸರಿ ಕಾಣಲ್ಲ, ಆದ್ರೆ ದಿನಾ ತಿಂದಿದಾರೆ ಅನ್ನೋದಕ್ಕೆ ಅವನ ಹತ್ರ ಸಾಕ್ಷಿ ಇಲ್ಲ, ಕಳ್ಕೊಂಡಿರಬಹುದು ಅಂತ ಸುಮ್ಮನಾಗ್ತಾನೆ. ಫಿಸಿಯೋ ಹುಡುಗ ಸಾಕ್ಷಿ ಕೈಯಲ್ಲಿ ಇಟ್ಕೊಂಡು ಕೂತಿರ್ತಾನೆ, ಜ್ವರದ ಪೇಷಂಟಲ್ಲಿ ತನಗೇನು ಕೆಲಸ ಅಂತ. ಅವನನ್ನ ಯಾರೂ ಕೇಳಲ್ಲ, ಅವನೂ ಹೇಳಲ್ಲ. ಒಂದು ಸಲ ಅಂತೂ 18ನೇ ನಿಮಿಷಕ್ಕೆ ನರ್ಸಿಂಗ್ ಹುಡುಗಿ ತಿರುಗಿ "ನಿಮ್ಮ ಹತ್ರ ಏನಿದೆ?" ಅಂತ ಕೇಳಿದ್ಲು. ಅವನು ಓದಿ ಹೇಳಿದ ತಕ್ಷಣ ರೂಮಲ್ಲಿ ಒಂದು ನಿಮಿಷ ಪಿನ್ ಡ್ರಾಪ್ ಸೈಲೆನ್ಸು. ಫಾರ್ಮಸಿಯವನು ಎದ್ದು ನಿಂತು "ಇದು ಮೆಥೊಟ್ರೆಕ್ಸೇಟ್ ವಿಷ ಏರಿರೋದು, ಮಾತ್ರೆ ಮೊದಲು ನಿಲ್ಲಿಸಿ, ಅದರ ವಿಷ ಇಳಿಸೋಕೆ ಫೋಲಿನಿಕ್ ಆಸಿಡ್ ಬೇಕು, ಕಿಡ್ನಿ ರಿಪೋರ್ಟ್ ನೋಡಿ" ಅಂದ.

ಆಟದ ಕೇಸಾದ್ರೂ ಇದು ಕಟ್ಟುಕಥೆ ಅಲ್ಲ, ವಾರದ ಮಾತ್ರೆ ದಿನಾ ತಿನ್ನೋದು ಎಲ್ಲ ದೇಶದಲ್ಲೂ ಆಗೋ ಹಳೇ ತಪ್ಪು. ಜೊತೆಗೆ ಕೊಡೋ ಫೋಲಿಕ್ ಆಸಿಡ್ಡೂ ಎಷ್ಟೋ ಕಂಪನಿಯದ್ದು ಹಳದಿ ಬಣ್ಣವೇ, ಓದೋಕೆ ಬರದೋರಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು. ಆಟ ಮುಗಿದ ಮೇಲೆ ನೀವು ಕೇಳಬೇಕಾಗಿರೋದು ಒಂದೇ ಪ್ರಶ್ನೆ: ಯಾರನ್ನ ಯಾರು ಕೇಳಲಿಲ್ಲ, ಯಾಕೆ? ಅಷ್ಟು ಕೇಳಿ ನೀವು ಸುಮ್ಮನೆ ಕೂತ್ಕೊಳ್ಳಿ, ಅವರೇ ಮಾತಾಡ್ತಾರೆ.

ಸೆಕೆಂಡ್_ಇಯರ್_ಪಿಜಿ:

ಓದ್ತಾ ಓದ್ತಾ ನಾನೂ ಡೆಂಗ್ಯೂ ಅಂತಲೇ ಅಂದ್ಕೊಂಡೆ. ಜೂನ್ ತಿಂಗಳು, ಪ್ಲೇಟ್‌ಲೆಟ್ ಕಮ್ಮಿ ಅಂದ್ರೆ ಇನ್ನೇನು ಹೊಳೆಯುತ್ತೆ. ನಾಚಿಕೆ ಆಯ್ತು. ಸೈನ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಯಿಸಲ್ಲ.

ಹುಬ್ಬಳ್ಳಿ_ಮಂದಿ:

ನಾ ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಪೇಷಂಟಿನ ಮಗ. ನಡುವ ಬಾಯಿ ಹಾಕಿದ್ದಕ್ಕ ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ನಮ್ಮಪ್ಪಾರಿಗೆ ಲಕ್ವಾ ಹೊಡೀತು, ಎಡಗಡೆ ಕೈಕಾಲು ಬಿದ್ದುವು. ದವಾಖಾನಿಗೆ ಒಯ್ದಿವಿ, ಡಾಕ್ಟರು ಛಲೋ ನೋಡ್ಯಾರ, ಅದರಾಗ ಎರಡು ಮಾತಿಲ್ಲ. ಮೂರನೇ ದಿನ ಮುಂಜಾನೆ ಒಬ್ಬ ಮೇಡಂ ಬಂದು ಚಮಚದಾಗ ನೀರು ಕೊಟ್ಟು ನುಂಗೂದು ಪರೀಕ್ಷಾ ಮಾಡಿದ್ರು (ಸ್ಪೀಚ್ ಥೆರಪಿಸ್ಟ್ ಅಂತ, ನಾವು ಮಾತು ಕಲಸಾಕ ಬಂದಾರ ಅನ್ಕೊಂಡಿದ್ವಿ). ಬಾಯಿಲೆ ಏನೂ ಕೊಡಬ್ಯಾಡ್ರಿ ಅಂತ ಕೇಸ್ ಶೀಟಿನಾಗ ಇಂಗ್ಲಿಷಿನಾಗ ಬರದು ಹೋದ್ರು. ಮಧ್ಯಾಹ್ನ ಫಿಸಿಯೋದವ ಬಂದು ಅಪ್ಪಾರನ್ನ ಎಬ್ಬಿಸಿ ಕುಂಡ್ರಿಸಿದ, ಭಾಳ ದಣದ್ರು. ಆಯಾ "ಪಾಪ ಅಜ್ಜ" ಅಂತ ಲೋಟಾದಾಗ ನೀರು ಹಿಡದ್ಲು. ತಲಿ ಹಿಡಕೊಂಡಾಂವ ನಾನ. ನೀರು ಸೀದಾ ಪುಪ್ಪಸಕ್ಕ ಹೋತು, ನ್ಯುಮೋನಿಯಾ ಆತು, ಹನ್ನೊಂದು ದಿನ ಐಸಿಯು.

ಆಯಾನ ತಪ್ಪೇನೈತ್ರಿ? ಆಕಿಗೆ ಇಂಗ್ಲಿಷ್ ಬರಂಗಿಲ್ಲ, ಕೇಸ್ ಶೀಟ್ ಮುಟ್ಟೂ ಹಂಗಿಲ್ಲ. ನನಗೂ ಯಾರೂ ಹೇಳಲಿಲ್ಲ. ಅಪ್ಪಾರಿಗೆ ದಿನಾ ಊಟಾ ಮಾಡ್ಸಾಂವ ನಾನು, ನೀರು ಕುಡ್ಸಾಕಿ ಆಕಿ. ನೀವು ಇಲ್ಲಿ ನಾಕು ಕಾಲೇಜು ಕೂಡಸಾಕ ಹೊಂಟೀರಿ, ಛಲೋ ಆತು, ಆದ್ರ ಆಯಾನ್ನ, ವಾರ್ಡ್ ಬಾಯ್‌ನ, ನಮ್ಮಂಥಾ ಮನಿ ಮಂದೀನ ಯಾವ ಸಾಲಿನಾಗ ಕುಂಡ್ರಸ್ತೀರಿ? ಕಾಟಿಗೆ ಒಂದು ಕೆಂಪು ಹಾಳಿ ಅಂಟಿಸಿ ಕನ್ನಡದಾಗ "ನೀರು ಸುದ್ದಾ ಕೊಡಬ್ಯಾಡ್ರಿ" ಅಂತ ಬರದಿದ್ರ ಮುಗೀತಿತ್ತು.

ಕುಡ್ಲದ_ಸಿಸ್ಟರ್:

ಅಯ್ಯೋ ದೇವರೇ. ಅಣ್ಣ, ಈಗ ತಂದೆ ಹೇಗಿದ್ದಾರೆ?

ಹುಬ್ಬಳ್ಳಿ_ಮಂದಿ:

ಕೋಲು ಹಿಡದು ಅಡ್ಡಾಡ್ತಾರ್ರಿ ಅಕ್ಕಾರ, ನಿಮ್ಮ ಆಶೀರ್ವಾದ. ಚಾ ಕುಡಿಯಾಕ ಹೋದ್ರ ಈಗೂ ನನಗ ಎದಿ ಡವಡವ ಅಂತೈತಿ.

ಸೋಷಿಯಲ್_ವರ್ಕರ್_ಬೆಂಗಳೂರು:

ಹುಬ್ಬಳ್ಳಿಯವರು ಹೇಳಿದ್ದಕ್ಕೆ ಸೇರಿಸ್ತೀನಿ. ಹೊರದೇಶದ ಉದಾಹರಣೆ ಜೊತೆ ನಮ್ಮದೂ ನೆನಪಿರಲಿ, ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೇಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಜೊತೆಗೆ ಹಳ್ಳಿ ಸುತ್ತೋ ಆರೋಗ್ಯ ಕಾರ್ಯಕರ್ತರಿಗೂ ಟ್ರೈನಿಂಗ್ ಕೊಟ್ರು. ಯಾಕಂದ್ರೆ ಯಾವ ಮನೇಲಿ ಯಾರನ್ನ ರೂಮಲ್ಲಿ ಕೂಡಿಹಾಕಿದಾರೆ ಅಂತ ಗೊತ್ತಿರೋದು ಅವರಿಗೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹೋಗಿದ್ದು ಆ ಬಳ್ಳಾರಿ ಮಾದರಿಯಿಂದ. ನಮ್ಮ ಕೆಲಸದಲ್ಲಿ ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್ ಒಂದೇ ಮೇಜಿಗೆ ಕೂತು ಕೇಸ್ ಮಾತಾಡೋದು ಹೊಸದೇನಲ್ಲ. ಜಗಳ ಇಲ್ವಾ ಅಂದ್ರೆ, ಇದೆ, ಬೇಕಾದಷ್ಟಿದೆ.

ಸ್ವೀಡನ್_ಫಿಸಿಯೋ:

ತಡವಾಗಿ ನೋಡಿದೆ. ಇಲ್ಲಿ ಲಿನ್‌ಶೋಪಿಂಗ್ ಯೂನಿವರ್ಸಿಟಿಯಲ್ಲಿ 1986ರಿಂದಲೇ ಬೇರೆ ಬೇರೆ ಕೋರ್ಸಿನ ಮಕ್ಕಳಿಗೆ ಒಟ್ಟಿಗೆ ಪಾಠ ಇದೆ. ಆಮೇಲೆ ವಿದ್ಯಾರ್ಥಿಗಳದ್ದೇ ವಾರ್ಡ್ ಅಂತ ಮಾಡಿದ್ರು, ಮೆಡಿಕಲ್, ನರ್ಸಿಂಗ್, ಫಿಸಿಯೋ, ಆಕ್ಯುಪೇಷನಲ್ ಥೆರಪಿ ಮಕ್ಕಳು ಸೇರಿ ಕೆಲವು ಬೆಡ್ ನೋಡ್ಕೋತಾರೆ, ದೊಡ್ಡೋರು ಹಿಂದೆ ನಿಂತಿರ್ತಾರೆ. ಅಲ್ಲಿ ಮೆಡಿಕಲ್ ಹುಡುಗನೂ ಪೇಷಂಟಿಗೆ ಸ್ನಾನ ಮಾಡಿಸಬೇಕು, ಹಾಸಿಗೆ ಬದಲಾಯಿಸಬೇಕು. ನಮ್ಮೂರಲ್ಲಿ ಇದನ್ನ ಹೇಳಿದ್ರೆ ಪೇರೆಂಟ್ಸ್ ಮೀಟಿಂಗ್ ಕರೀತಾರೆ ಅಂತ ಗೊತ್ತು, ಸುಮ್ಮನೆ ಹೇಳಿದೆ.

ನರ್ಸಿಂಗ್_ಟ್ಯೂಟರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ತೀರ್ಮಾನ ಮಾಡಿದೀನಿ: ದೀಪ ಇಲ್ಲ, ಬೊಕೆ ಇಲ್ಲ. ಮೊದಲು ಎಲ್ರೂ ಹೆಸರು ಹೇಳ್ಕೊಂಡು ಎದೆ ಮೇಲೆ ಚೀಟಿ ಅಂಟಿಸ್ಕೋಬೇಕು, ಕನ್ನಡದಲ್ಲಿ, ಎಲ್ರೂ ಎಲ್ರಿಗೂ "ನೀವು". ಆಮೇಲೆ ಫಾರ್ಮ್‌ಡಿಯವರ ನಾಲ್ಕು ಹಾಳೆ. ಹುಬ್ಬಳ್ಳಿ ಅಣ್ಣನ ಮಾತು ಕೇಳಿದ ಮೇಲೆ ಐದನೇ ಹಾಳೆ ಸೇರಿಸ್ತಿದೀನಿ, ಅದು ಆಯಾದು, ನಮ್ಮ ವಾರ್ಡಿನ ನಿಜವಾದ ಆಯಮ್ಮನೇ ಬಂದು ಕೂರ್ತಾರೆ, ಅವರಿಗೆ ಹಾಳೆ ಓದಿ ಹೇಳಿರ್ತೀನಿ. ಕೇಳಿದ್ದಕ್ಕೆ "ನಾನ್ಯಾಕವ್ವ ಡಾಕ್ಟ್ರ ಮುಂದೆ" ಅಂದ್ರು, ಟೀ ಬೇರೆಯವರು ಬಡಿಸ್ತಾರೆ ಅಂತ ಮಾತು ಕೊಟ್ಟ ಮೇಲೆ ಒಪ್ಪಿದ್ರು. ಕೊನೆಗೆ ಪರದೆ ಕಟ್ಟಿ ಎಸ್‌ಬಾರ್ ಫೋನು.

ಈಗ ಇರೋ ತೊಂದರೆ ಒಂದೇ. ನಾಲ್ಕು ಕಾಲೇಜಿನ ಟೈಂಟೇಬಲ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಎಲ್ರೂ ಫ್ರೀ ಇರೋದು ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ, ಆ ಹೊತ್ತಿಗೆ ಹಾಸ್ಟೆಲ್ ಮಕ್ಕಳೆಲ್ಲ ಊರಿಗೆ ಬಸ್ ಹತ್ತಿರ್ತಾರೆ. ಅಟೆಂಡೆನ್ಸ್ ಕೊಡಿ ಅಂದ್ರೆ ಯಾವ ಕಾಲೇಜಿನ ರಿಜಿಸ್ಟರಲ್ಲಿ ಹಾಕೋದು ಅಂತ ನಾಲ್ಕು ಪ್ರಿನ್ಸಿಪಾಲರೂ ಒಬ್ರ ಮುಖ ಒಬ್ರು ನೋಡ್ತಿದಾರೆ. ಇದನ್ನ ಯಾರಾದ್ರೂ ದಾಟಿದೋರು ಇದ್ರೆ ದಯವಿಟ್ಟು ಹೇಳಿ.